ತಂಬಿಗೆ ನೋಡಿದ ಕಣ್ಣಿಂದ ನಮ್ಮ ಪ್ರದರ್ಶನಗಳನ್ನೂ ನೋಡೋಣ

ಮಾನ್ಯ ಸಂಪಾದಕರೇ,

ನಮ್ಮಲ್ಲಿ ಒಂದು ವಸ್ತುಸಂಗ್ರಹಾಲಯವೋ ಸ್ಮಾರಕ ಭವನವೋ ಎದ್ದು ನಿಲ್ಲುವ ಬಗೆ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ಮೊದಲು ಕಟ್ಟಡ, ಆಮೇಲೆ ಗ್ರಾನೈಟು, ಆಮೇಲೆ ಫಾಲ್ಸ್ ಸೀಲಿಂಗು. ಉದ್ಘಾಟನೆಗೆ ಮೂರೋ ನಾಲ್ಕೋ ವಾರ ಉಳಿದಾಗ ‘ಒಳಗೆ ಏನು ಇಡೋಣ’ ಎಂಬ ಮಾತು ಬರುತ್ತದೆ. ಆಗ ಕರೆಯುವ ಟೆಂಡರಿನಲ್ಲಿ ಸಾಮಾನ್ಯವಾಗಿ ಇರುವ ಅಳತೆಗೋಲು ಒಂದೇ: ಚದರ ಅಡಿಗೆ ಇಷ್ಟು. ಸನ್‌ಬೋರ್ಡ್ ಇಷ್ಟು, ವಿನೈಲ್ ಇಷ್ಟು, ಬ್ಯಾಕ್‌ಲಿಟ್ ಫ್ಲೆಕ್ಸ್ ಇಷ್ಟು. ಇಲಾಖೆಗಳ ಮಳಿಗೆಗಳದ್ದೂ ಇದೇ ಕಥೆ. ಯಾರು ನೋಡಲು ಬರುತ್ತಾರೆ, ಅವರ ಕಣ್ಣು ಎಷ್ಟು ಎತ್ತರದಲ್ಲಿದೆ, ಎಷ್ಟು ಹೊತ್ತು ನಿಲ್ಲುತ್ತಾರೆ, ಆರು ತಿಂಗಳ ನಂತರ ಕೆಟ್ಟದ್ದನ್ನು ಯಾರು ಸರಿಮಾಡುತ್ತಾರೆ ಎಂಬುದು ಆ ಕಾಗದದಲ್ಲಿ ಎಲ್ಲಿಯೂ ಇರುವುದಿಲ್ಲ.

ಪ್ರದರ್ಶನವೂ ಕುರ್ಚಿಯ ಹಾಗೆ, ತಂಬಿಗೆಯ ಹಾಗೆ, ಮೈಗೆ ಒಗ್ಗಬೇಕಾದ ಬಳಕೆಯ ವಸ್ತು. ಇದನ್ನು ತಮ್ಮ ವೃತ್ತಿಜೀವನದುದ್ದಕ್ಕೂ ಮಾಡಿ ತೋರಿಸಿದವರು ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್. ಅವರ ಹೆಸರು ನಮ್ಮಲ್ಲಿ ದುಬಾರಿ ಕುರ್ಚಿಯ ಜಾಹೀರಾತಿಗೆ ಸೀಮಿತವಾಗಿರುವುದು ಬೇಸರದ ವಿಷಯ. ಭಾರತದ ವಿನ್ಯಾಸ ಶಿಕ್ಷಣಕ್ಕೆ ತಳಪಾಯ ಹಾಕಿದ ವರದಿ ಅವರದ್ದು. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇವೆ.

ಚಾರ್ಲ್ಸ್ ಹುಟ್ಟಿದ್ದು 1907ರಲ್ಲಿ, ಸೇಂಟ್ ಲೂಯಿಸ್‌ನಲ್ಲಿ. ವಾಸ್ತುಶಿಲ್ಪ ಓದಲು ಸೇರಿ ನಡುವೆಯೇ ಬಿಟ್ಟವರು. ರೇ ಚಿತ್ರಕಲಾವಿದೆ, 1912ರಲ್ಲಿ ಸ್ಯಾಕ್ರಮೆಂಟೊದಲ್ಲಿ ಹುಟ್ಟಿದವರು. ಕ್ರ್ಯಾನ್‌ಬ್ರೂಕ್ ಕಲಾ ಅಕಾಡೆಮಿಯಲ್ಲಿ ಭೇಟಿಯಾಗಿ, 1941ರಲ್ಲಿ ಮದುವೆಯಾಗಿ ಲಾಸ್ ಏಂಜಲೀಸ್‌ಗೆ ಹೋದರು. ಅದಕ್ಕೆ ಮೊದಲೇ ಚಾರ್ಲ್ಸ್ ಮತ್ತು ವಾಸ್ತುಶಿಲ್ಪಿ ಏರೋ ಸಾರಿನೆನ್ ಸೇರಿ ಮಾಡಿದ ಕುರ್ಚಿಗೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಸ್ಪರ್ಧೆಯಲ್ಲಿ ಬಹುಮಾನ ಬಂದಿತ್ತು. ಆದರೆ ಆ ಕುರ್ಚಿಯನ್ನು ಅಂದುಕೊಂಡ ಹಾಗೆ ತಯಾರಿಸಲು ಆಗಿರಲಿಲ್ಲ. ಪ್ಲೈವುಡ್ಡನ್ನು ಒಂದು ದಿಕ್ಕಿಗೆ ಬಗ್ಗಿಸುವುದು ಸುಲಭ. ಒಂದೇ ಕಡೆ ಎರಡು ದಿಕ್ಕಿಗೂ ಬಗ್ಗಿಸಿದರೆ ಪದರ ಸೀಳುತ್ತದೆ, ಇಲ್ಲವೇ ಸುಕ್ಕುಗಟ್ಟುತ್ತದೆ. ಸೀಳನ್ನು ಮುಚ್ಚಲು ಮೇಲೆ ಬಟ್ಟೆ ಹೊದಿಸಬೇಕಾಯಿತು. ಕಡಿಮೆ ಬೆಲೆಗೆ ಸಾವಿರಗಟ್ಟಲೆ ತಯಾರಿಸುವ ಉದ್ದೇಶ ಅಲ್ಲಿಗೇ ನಿಂತಿತು.

ದಂಪತಿ ಬಾಡಿಗೆ ಮನೆಯಲ್ಲೇ ಒಂದು ಅಚ್ಚು ಯಂತ್ರ ಕಟ್ಟಿಕೊಂಡರು. ಪ್ಲಾಸ್ಟರಿನ ಅಚ್ಚು, ಅದರಲ್ಲಿ ಕಾಯಿಸುವ ವಿದ್ಯುತ್ ತಂತಿ, ಅಂಟು ಹಚ್ಚಿದ ಪದರಗಳನ್ನು ಅಚ್ಚಿಗೆ ಒತ್ತಲು ಗಾಳಿ ತುಂಬುವ ಚೀಲ, ಗಾಳಿ ತುಂಬಲು ಸೈಕಲ್ ಪಂಪು. ಯುದ್ಧ ಬಂತು. ನೌಕಾಪಡೆಗೆ ಮುರಿದ ಕಾಲಿಗೆ ಕಟ್ಟುವ ಪಟ್ಟಿ ಬೇಕಿತ್ತು. ಆಗ ಬಳಕೆಯಲ್ಲಿದ್ದ ಲೋಹದ ಪಟ್ಟಿ ಸಾಗಿಸುವಾಗ ಅದುರಿ ಗಾಯವನ್ನು ಇನ್ನಷ್ಟು ಕೆಡಿಸುತ್ತಿತ್ತು. ಚಾರ್ಲ್ಸ್ ತಮ್ಮ ಕಾಲಿನದೇ ಅಚ್ಚು ತೆಗೆದು ಪ್ಲೈವುಡ್ಡಿನ ಪಟ್ಟಿ ಮಾಡಿದರು. ಅದರ ಅಂಚಿನುದ್ದಕ್ಕೂ ಸೀಳುಗಂಡಿಗಳಿವೆ. ನೋಡಿದವರಿಗೆ ಅದು ಅಲಂಕಾರ. ನಿಜವಾಗಿ ಅವು ಎರಡು ಕೆಲಸ ಮಾಡುತ್ತವೆ: ಬಗ್ಗುವಾಗ ಮರದ ಮೇಲೆ ಬೀಳುವ ಒತ್ತಡವನ್ನು ಸಡಿಲಿಸುತ್ತವೆ, ಬ್ಯಾಂಡೇಜ್ ಬಟ್ಟೆಯನ್ನು ತೂರಿಸಿ ಕಟ್ಟಲು ದಾರಿ ಕೊಡುತ್ತವೆ. ಇಂಥ ಪಟ್ಟಿಗಳು 1,50,000ಕ್ಕೂ ಹೆಚ್ಚು ತಯಾರಾದವು. ಯುದ್ಧ ಮುಗಿದ ಮೇಲೆ ಬಂದ ಪ್ಲೈವುಡ್ ಕುರ್ಚಿಯಲ್ಲಿ ಸೀಳುವ ಸಮಸ್ಯೆಗೆ ನೇರ ಉತ್ತರ ಸಿಕ್ಕಿತು: ಕೂರುವ ಹಲಗೆ ಬೇರೆ, ಬೆನ್ನಿನ ಹಲಗೆ ಬೇರೆ, ನಡುವೆ ರಬ್ಬರಿನ ಬಿಲ್ಲೆ. ಒರಗಿದರೆ ಬೆನ್ನು ತುಸು ಬಾಗುತ್ತದೆ. ವರ್ಷ ಕಳೆದಂತೆ ಆ ರಬ್ಬರು ಗಡುಸಾಗಿ ಅಂಟು ಬಿಡುತ್ತದೆ ಎಂಬುದು ಹಳೆಯ ಈಮ್ಸ್ ಕುರ್ಚಿ ರಿಪೇರಿ ಮಾಡುವವರಿಗೆಲ್ಲ ಗೊತ್ತು. ಯಾವ ವಿನ್ಯಾಸಕ್ಕೂ ಒಂದು ಸೋಲುವ ಜಾಗ ಇದ್ದೇ ಇರುತ್ತದೆ. ಅದು ಬಿಚ್ಚಿ ಬದಲಿಸಲು ಬರುವಂತಿದೆಯೇ ಎಂಬುದೊಂದೇ ಪ್ರಶ್ನೆ.

ಈ ಪ್ರಶ್ನೆಗೆ ಅವರ ಅತಿ ಚೆಲುವಾದ ಉತ್ತರ 1962ರ ವಿಮಾನ ನಿಲ್ದಾಣದ ಸಾಲು ಆಸನ. ಅಲ್ಯೂಮಿನಿಯಂ ಚೌಕಟ್ಟಿನ ನಡುವೆ ಬಿಗಿಯಾಗಿ ಎಳೆದ ಮೆತ್ತೆ. ಮೆತ್ತೆಗೆ ಹೊಲಿಗೆ ಇಲ್ಲ, ವಿನೈಲನ್ನು ಕಾಯಿಸಿ ಬೆಸೆದಿರುತ್ತಾರೆ. ಹೊಲಿಗೆಯ ಸಂದಿನಲ್ಲೇ ಕೊಳೆ ಕೂರುವುದು, ದಾರ ಸವೆದು ಬಿಚ್ಚಿಕೊಳ್ಳುವುದು. ಕೂರುವ ಮೆತ್ತೆಗೂ ಒರಗುವ ಮೆತ್ತೆಗೂ ಅಳತೆ ಒಂದೇ. ಹಾಗಾಗಿ ಗೋದಾಮಿನಲ್ಲಿ ಒಂದೇ ಬಗೆಯ ಬಿಡಿಭಾಗ ಇಟ್ಟರೆ ಸಾಕು, ಹರಿದದ್ದನ್ನು ತೆಗೆದು ಹೊಸದನ್ನು ಕೂರಿಸಬಹುದು. ಕೆಳಗೆ ಕಾಲುಗಳು ಕಡಿಮೆ, ಪೊರಕೆ ಸಲೀಸಾಗಿ ಆಡುತ್ತದೆ. ಕಸ ಗುಡಿಸುವವರನ್ನೂ ಲೆಕ್ಕಕ್ಕೆ ಹಿಡಿದ ವಿನ್ಯಾಸ ಅದು.

ಈಗ ತಂಬಿಗೆಯ ವಿಷಯ. ಭಾರತ ಸರ್ಕಾರದ ಆಹ್ವಾನದ ಮೇಲೆ, ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಈಮ್ಸ್ ದಂಪತಿ ಬಂದು ದೇಶ ಸುತ್ತಿದರು. ಸಣ್ಣ ಕೈಗಾರಿಕೆಗಳ ಉತ್ಪನ್ನಗಳ ಗುಣಮಟ್ಟ ಕುಸಿಯುತ್ತಿದೆ, ಇದಕ್ಕೆ ಏನು ಮಾಡಬೇಕು ಎಂಬುದು ಸರ್ಕಾರದ ಪ್ರಶ್ನೆ. 1958ರ ಏಪ್ರಿಲ್‌ನಲ್ಲಿ ಅವರು ಕೊಟ್ಟ ‘ಇಂಡಿಯಾ ರಿಪೋರ್ಟ್’ ಯಂತ್ರಗಳ ಪಟ್ಟಿ ಕೊಡಲಿಲ್ಲ. ತಾವು ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ಲೋಟಾ, ಅಂದರೆ ನಮ್ಮ ತಂಬಿಗೆ, ಅತ್ಯಂತ ಮೇಲಿನದು ಎಂದು ಹೇಳಿ, ಅದನ್ನು ಈಗ ಹೊಸದಾಗಿ ವಿನ್ಯಾಸ ಮಾಡಬೇಕಾದರೆ ಏನೇನು ಕೇಳಿಕೊಳ್ಳಬೇಕು ಎಂದು ಒಂದೊಂದಾಗಿ ಎಣಿಸಿತು.

ಒಂದು ಹಿತ್ತಾಳೆ ತಂಬಿಗೆಯನ್ನು ಎದುರಿಗಿಟ್ಟುಕೊಂಡು ಆ ಪ್ರಶ್ನೆಗಳನ್ನು ನೋಡಬೇಕು. ನೀರು ಎಷ್ಟು ಹಿಡಿಯಬೇಕು? ಎತ್ತುವ ಕೈ ಹೆಂಗಸಿನದೋ ಮಗುವಿನದೋ? ತಲೆಯ ಮೇಲೋ, ಸೊಂಟದ ಮೇಲೋ, ಗಾಡಿಯಲ್ಲೋ? ತುಂಬಿದಾಗ ಭಾರ ಎಲ್ಲಿ ನಿಲ್ಲುತ್ತದೆ, ಖಾಲಿಯಾದಾಗ ಎಲ್ಲಿ, ಬಗ್ಗಿಸಿ ಸುರಿಯುವಾಗ ಎಲ್ಲಿ? ಕಂಠ ಕಿರಿದಾದರೆ ತುಳುಕುವುದಿಲ್ಲ, ಆದರೆ ಒಳಗೆ ಕೈ ಹಾಕಿ ಹುಣಸೆಹಣ್ಣು ಹಚ್ಚಿ ತಿಕ್ಕಲು ಆಗುತ್ತದೆಯೇ? ಹೊರಗಿನ ನಯ ಹಿಡಿತಕ್ಕೆ ಜಾರುತ್ತದೆಯೇ? ಬಿಸಿನೀರು ಹಾಕಿದರೆ ಕೈ ಸುಡುತ್ತದೆಯೇ? ಕಲ್ಲಿನ ಮೇಲೆ ಇಟ್ಟಾಗ ಹೇಗೆ ಸದ್ದು ಮಾಡುತ್ತದೆ? ಮುರಿದರೆ ಗುಜರಿಗೆ ಎಷ್ಟು ಬೆಲೆ? ಉಡುಗೊರೆ ಕೊಟ್ಟರೆ ಹೇಗನ್ನಿಸುತ್ತದೆ? ಹುಣಸೆಹಣ್ಣಿನ ಮಾತು ನಮ್ಮದು, ಉಳಿದ ಪ್ರಶ್ನೆಗಳ ಸಾರ ಆ ವರದಿಯದ್ದು. ತಂಬಿಗೆಯನ್ನು ಯಾರೋ ಒಬ್ಬರು ಕೂತು ವಿನ್ಯಾಸ ಮಾಡಲಿಲ್ಲ, ತಲೆಮಾರುಗಳ ಕೈ ಅದನ್ನು ತಿದ್ದಿತು ಎಂದೂ ವರದಿ ಹೇಳಿತು. ಬದಲಾವಣೆ ಈಗ ವೇಗವಾಗಿರುವುದರಿಂದ ತಲೆಮಾರುಗಳು ಮಾಡಿದ ಕೆಲಸವನ್ನು ಬೇಗ, ಪ್ರಜ್ಞಾಪೂರ್ವಕವಾಗಿ ಮಾಡಲು ಕಲಿಯಬೇಕು, ಅದಕ್ಕೊಂದು ಸಂಸ್ಥೆ ಬೇಕು ಎಂಬುದು ಅದರ ವಾದ. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಯಿತು. ಅದರ ಒಂದು ಕ್ಯಾಂಪಸ್ ಈಗ ಬೆಂಗಳೂರಿನಲ್ಲೂ ಇದೆ. ನೆಹರೂ ತೀರಿಕೊಂಡ ಮೇಲೆ ಈಮ್ಸ್ ಮತ್ತೆ ಬಂದು ಅಹಮದಾಬಾದಿನ ಸಂಸ್ಥೆಯವರ ಜೊತೆ ಸೇರಿ ನೆಹರೂ ಬದುಕಿನ ಪ್ರದರ್ಶನವನ್ನು ಸಿದ್ಧಪಡಿಸಿದರು. ಅದು 1965ರಲ್ಲಿ ನ್ಯೂಯಾರ್ಕಿನಲ್ಲಿ ತೆರೆಯಿತು, ಆಮೇಲೆ ಬೇರೆ ನಗರಗಳಿಗೂ ಹೋಯಿತು. ಇಲ್ಲಿನ ಯುವ ವಿನ್ಯಾಸಕರಿಗೆ ಪ್ರದರ್ಶನದ ಕಸುಬು ಕೈಗೆ ಹತ್ತಿದ್ದು ಅಂಥ ಕೆಲಸದಿಂದ.

ಪ್ರದರ್ಶನ ವಿನ್ಯಾಸದಲ್ಲಿ ಈಮ್ಸ್ ಅವರ ದೊಡ್ಡ ಕೆಲಸ ‘ಮ್ಯಾಥಮ್ಯಾಟಿಕಾ’. 1961ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನ ವಿಜ್ಞಾನ ಸಂಗ್ರಹಾಲಯದಲ್ಲಿ, ಕಂಪ್ಯೂಟರ್ ಕಂಪನಿ ಐಬಿಎಂ ಖರ್ಚಿನಲ್ಲಿ, ಸುಮಾರು 3,000 ಚದರ ಅಡಿಯಲ್ಲಿ ನಿಂತಿತು. ಗಣಿತದ ಹೊಣೆ ಪ್ರಾಧ್ಯಾಪಕ ರೇಮಂಡ್ ರೆಡ್‌ಹೆಫರ್ ಅವರದು. ಪ್ರತಿಯೊಂದು ಪ್ರಯೋಗದ ಗಣಿತ ತಜ್ಞರ ಕಣ್ಣಿಗೂ ಸರಿ ಇರಬೇಕು, ಹತ್ತು ವರ್ಷದ ಮಗುವಿನ ಕೈಗೂ ಸಿಗಬೇಕು ಎಂಬ ಹಟ ಅಲ್ಲಿ ಕಾಣುತ್ತದೆ. ಎಂಟಕ್ಕೆ ಎಂಟಕ್ಕೆ ಎಂಟು, ಒಟ್ಟು 512 ದೀಪಗಳ ಘನ: ಮೂರು, ನಾಲ್ಕು, ಐದು ಒತ್ತಿದರೆ 60 ದೀಪ ಹೊತ್ತಿ ಗುಣಾಕಾರ ಒಂದು ಆಕಾರವಾಗಿ ಕಣ್ಣೆದುರು ನಿಲ್ಲುತ್ತದೆ. ಒಂದೇ ಮೈಯಿರುವ ಮೋಬಿಯಸ್ ಪಟ್ಟಿಯ ಮೇಲೆ ಒಂದು ಬಾಣ ಓಡಿ, ಅಂಚು ದಾಟದೆಯೇ ಪಟ್ಟಿಯ ‘ಎರಡೂ ಮಗ್ಗುಲು’ ಮುಗಿಸಿ ಬರುತ್ತದೆ. ಸೋಪಿನ ಪೊರೆ ತಂತಿಯ ಚೌಕಟ್ಟಿನಲ್ಲಿ ತನ್ನಷ್ಟಕ್ಕೆ ಅತಿ ಕಡಿಮೆ ವಿಸ್ತಾರ ಹುಡುಕಿಕೊಳ್ಳುತ್ತದೆ. ಎತ್ತರದ ಸಂಭವನೀಯತಾ ಯಂತ್ರದಲ್ಲಿ ಸುಮಾರು 30,000 ಪ್ಲಾಸ್ಟಿಕ್ ಮಣಿಗಳು ಉಕ್ಕಿನ ಮೊಳೆಗಳ ನಡುವೆ ಎಡವುತ್ತ ಬಿದ್ದು ಗಂಟೆಯಾಕಾರದ ಗುಡ್ಡವಾಗುತ್ತವೆ. ಆ ಪ್ರದರ್ಶನದ ಪ್ರತಿಗಳು ಇವತ್ತಿಗೂ ಅಮೆರಿಕದಲ್ಲಿ ಜನರ ಮುಂದಿವೆ, ಬಾಸ್ಟನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿ ಒಂದಿದೆ. ಅರವತ್ತು ವರ್ಷ ದಾಟಿದ ವಿಜ್ಞಾನ ಪ್ರದರ್ಶನ ಅದು. ಅದೇ ಕಾಲದಲ್ಲಿ, 1962ರಲ್ಲಿ, ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ನೆಹರೂ ಉದ್ಘಾಟಿಸಿದರು. ಮುಟ್ಟಿ ತಿಳಿಯುವ ಪ್ರದರ್ಶನ ಕನ್ನಡ ನಾಡಿಗೆ ಹೊಸದೇನಲ್ಲ.

ಮಣಿ ಬೀಳುವ ಯಂತ್ರವನ್ನು ನಮ್ಮ ಶಾಲೆಗಳೂ ಮಾಡಿಸುತ್ತವೆ, ಹೆಚ್ಚಿನವು ಒಂದು ವರ್ಷ ಬಾಳುವುದಿಲ್ಲ. ಕಾರಣಗಳು ಸಣ್ಣವು. ಹತ್ತು ಸಾಲು ಮೊಳೆ, ಕೆಳಗೆ ಹನ್ನೊಂದು ಗೂಡು, 1,024 ಮಣಿ ಇಟ್ಟರೆ ಲೆಕ್ಕ ಚೊಕ್ಕವಾಗಿರುತ್ತದೆ: ನಡುವಿನ ಗೂಡಿಗೆ ಸರಾಸರಿ 252, ಅದರ ಎರಡೂ ಪಕ್ಕಕ್ಕೆ 210, ಆಮೇಲೆ 120, 45, 10, ತುದಿಗೆ 1. ಮಣಿ 6 ಮಿ.ಮೀ. ಇದ್ದರೆ ಮೊಳೆಗಳ ನಡುವಿನ ಸಂದು 8ರಿಂದ 9 ಮಿ.ಮೀ. ಇರಲಿ. ಹಲಗೆಗೂ ಮುಂದಿನ ಗಾಜಿಗೂ ನಡುವೆ 7 ಮಿ.ಮೀ. ಮೀರಬಾರದು, 10 ಬಿಟ್ಟರೆ ಎರಡು ಮಣಿ ಓರೆಯಾಗಿ ಸಿಕ್ಕಿಕೊಂಡು ಮೇಲಿನದೆಲ್ಲ ನಿಲ್ಲುತ್ತದೆ. ಮುಂದೆ ಅಕ್ರಿಲಿಕ್ ಹಾಕಿದರೆ ಬೇಸಿಗೆಯ ಒಣಹವೆಯಲ್ಲಿ ಪ್ಲಾಸ್ಟಿಕ್ ಮಣಿ ಸ್ಥಿರವಿದ್ಯುತ್ತಿಗೆ ಅಂಟಿಕೊಳ್ಳುತ್ತದೆ, ಟಫನ್ಡ್ ಗಾಜು ಹಾಕಿ. ಗುಡ್ಡ ಒಂದು ಕಡೆಗೆ ವಾಲಿದರೆ ಗಣಿತ ತಪ್ಪಿದ್ದಲ್ಲ, ನೆಲ ತಪ್ಪಿದೆ. ಕಾಲಿಗೆ ತಿರುಗಿಸುವ ತಿರುಪು ಕೊಟ್ಟು ರಸಮಟ್ಟ ಇಟ್ಟು ಸಮ ಮಾಡಿ, ನೆಲ ತೊಳೆಯುವವರು ಯಂತ್ರ ಸರಿಸಿದಾಗಲೆಲ್ಲ ಮತ್ತೆ ನೋಡಬೇಕು. ಹಿಂಬದಿಗೆ ಕೈ ಆಡುವಷ್ಟು ಬಾಗಿಲು ಇಡಿ, ಅದರ ಮುಂದೆ ಕನಿಷ್ಠ 600 ಮಿ.ಮೀ. ಜಾಗ ಬಿಡಿ. ಗೋಡೆಗೆ ಒತ್ತಿಸಿ ಇಟ್ಟ ಯಂತ್ರವನ್ನು ಯಾರೂ ರಿಪೇರಿ ಮಾಡುವುದಿಲ್ಲ.

ಈಮ್ಸ್ ಕಚೇರಿ ಕಾಗದದ ನಕ್ಷೆಯನ್ನಷ್ಟೇ ನಂಬಿ ಕೆಲಸಕ್ಕೆ ಇಳಿಯುತ್ತಿರಲಿಲ್ಲ. ಮೊದಲು ಸಣ್ಣ ಅಳತೆಯ ಮಾದರಿ ಕಟ್ಟಿ, ಒಳಗೆ ನಡೆದು ಹೋಗುವವರ ಕಣ್ಣಿನ ಮಟ್ಟದಿಂದ ಅದರ ಚಿತ್ರ ತೆಗೆದು ನೋಡುತ್ತಿದ್ದರು. ನಮ್ಮಲ್ಲಿ ತ್ರಿ-ಡಿ ಚಿತ್ರ ತೋರಿಸಿ ಒಪ್ಪಿಗೆ ಪಡೆಯುತ್ತಾರೆ, ಅದರಲ್ಲಿ ಕ್ಯಾಮೆರಾ ಸೀಲಿಂಗಿನಲ್ಲಿರುತ್ತದೆ. ಥರ್ಮಾಕೋಲಿನಲ್ಲಿ 1:20 ಅಳತೆಯ ಮಾದರಿ ಮಾಡಿ, ಮೊಬೈಲನ್ನು ನೆಲದ ಮಟ್ಟಕ್ಕೆ ಇಳಿಸಿ ಒಂದು ಸುತ್ತು ಹೊಡೆದರೆ ಎಲ್ಲಿ ಕಂಬ ಅಡ್ಡ ಬರುತ್ತದೆ, ಎಲ್ಲಿ ಜನ ಗುಂಪುಗಟ್ಟುತ್ತಾರೆ ಎಂಬುದು ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ.

ಕನ್ನಡದ ಫಲಕಗಳದ್ದೇ ಒಂದು ಪ್ರತ್ಯೇಕ ಸಂಕಟ. ಇಂಗ್ಲಿಷಿಗೆ ಮಾಡಿದ ವಿನ್ಯಾಸದ ಚೌಕಕ್ಕೆ ಕನ್ನಡವನ್ನು ತುರುಕುತ್ತಾರೆ. ‘ರಾಷ್ಟ್ರೀಯ’ ಎಂಬ ಪದ ನೋಡಿ: ‘ಷ್ಟ್ರೀ’ಯಲ್ಲಿ ಕೆಳಗೆ ಎರಡು ಒತ್ತು. ಅದರ ಕೆಳಗಿನ ಸಾಲಿನಲ್ಲಿ ‘ಕಿ’ಯೋ ‘ಧಿ’ಯೋ ಬಂದರೆ ಗುಡಿಸು ಮೇಲಿನ ಒತ್ತಿಗೆ ಹೋಗಿ ತಾಗುತ್ತದೆ. ಇಂಗ್ಲಿಷಿಗೆ ಸಾಲಿನ ಅಂತರ ಅಕ್ಷರದಳತೆಯ 1.2 ಪಟ್ಟು ಸಾಕು, ಕನ್ನಡಕ್ಕೆ 1.5 ಪಟ್ಟು ಬೇಕೇ ಬೇಕು. ಒಂದೇ ಪಾಯಿಂಟಿನಲ್ಲಿ ಕನ್ನಡದ ಅಕ್ಷರ ಚಿಕ್ಕದಾಗಿ ಕಾಣುವುದರಿಂದ ಒಂದು ಮೀಟರ್ ದೂರದಿಂದ ಓದುವ ವಿವರಕ್ಕೆ 28ರಿಂದ 30 ಪಾಯಿಂಟ್ ಇಡಬೇಕು. ಎರಡೂ ಅಂಚು ಸಮ ಮಾಡಿದರೆ ನಮ್ಮ ಉದ್ದುದ್ದ ಪದಗಳ ನಡುವೆ ಕಂದಕ ಬೀಳುತ್ತದೆ, ಎಡಕ್ಕಷ್ಟೇ ಹೊಂದಿಸಿ. ಇನ್ನು ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಯ ಜೋಡಣೆಯ ಆಯ್ಕೆ ಹಾಕದಿದ್ದರೆ ಒತ್ತು ಬಿಡಿಬಿಡಿಯಾಗಿ, ಅರ್ಕಾವತ್ತು ಎಲ್ಲೋ ಹೋಗಿ, ಕರ್ನಾಟಕದ ಹೆಸರೇ ಮುರಿದುಕೊಂಡು ಗೋಡೆ ಏರುತ್ತದೆ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿರುವ ಕಡತವನ್ನು ಯೂನಿಕೋಡಿಗೆ ಬದಲಿಸಿದಾಗ ಆಗುವ ತಪ್ಪು ಬೇರೆ. ಅಚ್ಚಿಗೆ ಹೋಗುವ ಮುನ್ನ ಕನ್ನಡ ಬಲ್ಲವರೊಬ್ಬರು ಪಿಡಿಎಫ್ ಅಲ್ಲ, ಮುದ್ರಿತ ಹಾಳೆಯನ್ನೇ ಓದಬೇಕು. ಒಂದು ಫಲಕಕ್ಕೆ 50 ಪದ. ಅದಕ್ಕಿಂತ ಹೆಚ್ಚು ಹೇಳುವುದಿದ್ದರೆ ಇನ್ನೊಂದು ಫಲಕ, ಇಲ್ಲವೇ ಕೈಪಿಡಿ.

ಪದಗಳ ಈ ಮಾತಿನಲ್ಲಿ ಈಮ್ಸ್ ಅವರೂ ಎಡವಿದ್ದಾರೆ ಎಂದು ಒಪ್ಪಿಕೊಳ್ಳಬೇಕು. 1975ರಲ್ಲಿ ಪ್ಯಾರಿಸಿನಲ್ಲಿ ತೆರೆದು 1976ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಬಂದ ಫ್ರ್ಯಾಂಕ್ಲಿನ್ ಮತ್ತು ಜೆಫರ್ಸನ್ ಪ್ರದರ್ಶನದಲ್ಲಿ ಬರಹ ಅತಿಯಾಯಿತು ಎಂದು ವಿಮರ್ಶಕರು ತಕರಾರು ತೆಗೆದರು. ತಕರಾರು ನ್ಯಾಯವೇ. ನಿಂತು ಓದುವ ಕಾಲಿಗೆ ಒಂದು ಮಿತಿ ಇದೆ. ಅವರ ‘ಇತಿಹಾಸ ಗೋಡೆ’ಯ ಕ್ರಮ ಮಾತ್ರ ನಾವು ಎರವಲು ತರಬೇಕಾದದ್ದು. 1971ರಲ್ಲಿ ಕಂಪ್ಯೂಟರಿನ ಚರಿತ್ರೆಗಾಗಿ ನ್ಯೂಯಾರ್ಕಿನಲ್ಲಿ ಮಾಡಿದ ಗೋಡೆಯಲ್ಲಿ ದಶಕಗಳು ಎಡದಿಂದ ಬಲಕ್ಕೆ ಸಾಗುತ್ತವೆ, ಚಿತ್ರ, ಪತ್ರ, ಯಂತ್ರದ ಬಿಡಿಭಾಗಗಳು ಬೇರೆ ಬೇರೆ ಆಳದಲ್ಲಿ ಕೂತಿವೆ. ಅವಸರದಲ್ಲಿರುವವರು ದಪ್ಪ ಅಕ್ಷರವನ್ನಷ್ಟೇ ಓದಿ ನಡೆಯಬಹುದು, ಆಸಕ್ತಿ ಇದ್ದವರು ಹತ್ತಿರ ಹೋಗಿ ಅಗೆಯಬಹುದು. ನಮ್ಮ ಏಕೀಕರಣದ ಕಥೆಗೋ ರೇಷ್ಮೆಯ ಕಥೆಗೋ ಈ ಗೋಡೆ ಹೇಳಿ ಮಾಡಿಸಿದಂತಿದೆ.

ಈಮ್ಸ್ 1969ರಲ್ಲಿ ಪ್ಯಾರಿಸಿನ ಒಂದು ಪ್ರದರ್ಶನಕ್ಕಾಗಿ ತಮ್ಮ ವೃತ್ತಿಯ ನಕ್ಷೆಯೊಂದನ್ನು ಬರೆದರು. ಒಂದು ವಲಯ ವಿನ್ಯಾಸಕರ ಆಸಕ್ತಿ, ಇನ್ನೊಂದು ಕೆಲಸ ಕೊಟ್ಟವರ ಆಸಕ್ತಿ, ಮೂರನೆಯದು ಸಮಾಜದ ಹಿತ. ಮೂರೂ ಒಂದರ ಮೇಲೊಂದು ಬೀಳುವ ಜಾಗದಲ್ಲಿ ಮಾತ್ರ ಮನಸ್ಸಿಟ್ಟು ಕೆಲಸ ಮಾಡಲು ಸಾಧ್ಯ ಎಂಬುದು ಅದರ ಅರ್ಥ. ಹಣ, ಸಮಯ, ಜಾಗ, ಸಾಮಗ್ರಿಯ ಮಿತಿಗಳನ್ನು ಅವರು ಅಡ್ಡಿಯೆಂದು ಎಣಿಸಲಿಲ್ಲ, ಆ ಮಿತಿಗಳನ್ನು ಮೊದಲೇ ಗುರುತಿಸಿ ಅವುಗಳೊಳಗೆ ಉತ್ಸಾಹದಿಂದ ಕೆಲಸ ಮಾಡುವುದೇ ವಿನ್ಯಾಸ ಎಂದು ತಿಳಿದಿದ್ದರು. ವಿನ್ಯಾಸಕ ಮನೆಗೆ ಬಂದವರ ಬೇಕುಬೇಡ ಮೊದಲೇ ಅರಿಯುವ ಆತಿಥೇಯನ ಹಾಗೆ ಎಂಬ ಮಾತೂ ಅವರದ್ದೇ. ಬಂದವರಿಗೆ ಕೇಳುವ ಮೊದಲೇ ತಂಬಿಗೆಯಲ್ಲಿ ನೀರು, ಜೊತೆಗೊಂದು ತುಂಡು ಬೆಲ್ಲ ತಂದಿಡುವ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಸಂಬಂಧಪಟ್ಟವರಲ್ಲಿ ನಮ್ಮ ಕೋರಿಕೆ ಇಷ್ಟು. ಕಟ್ಟಡದ ನಕ್ಷೆಗೆ ಸಹಿ ಬೀಳುವ ಮೊದಲೇ ಪ್ರದರ್ಶನ ವಿನ್ಯಾಸಕರನ್ನು ಕೂರಿಸಿಕೊಳ್ಳಿ. ಕಿಟಕಿಯ ಬಿಸಿಲು ಯಾವ ಗೋಡೆಗೆ ಬೀಳುತ್ತದೆ ಎಂಬುದು ಆಗಲೇ ತೀರ್ಮಾನವಾಗಬೇಕು, ಏಕೆಂದರೆ ಹಳೆಯ ಕಾಗದಕ್ಕೂ ಬಟ್ಟೆಗೂ 50 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ಮೀರಿದ ಬೆಳಕು ತಗಲುತ್ತಲೇ ಇದ್ದರೆ ಬಣ್ಣ ಹೋಗುತ್ತದೆ, ಹೋದ ಬಣ್ಣ ಮರಳಿ ಬರುವುದಿಲ್ಲ. ಟೆಂಡರಿನಲ್ಲಿ ಚದರ ಅಡಿಯ ಜೊತೆಗೆ ಬಳಕೆಯ ಅಳತೆಗಳನ್ನೂ ಬರೆಯಿರಿ: ಚಿತ್ರಗಳ ನಡುಮಟ್ಟ ನೆಲದಿಂದ 1,450 ಮಿ.ಮೀ., ಮಕ್ಕಳು ಒತ್ತುವ ಗುಂಡಿ 900 ಮಿ.ಮೀ. ಆಸುಪಾಸು, ಗಾಲಿಕುರ್ಚಿ ಒಳಹೋಗಲು ಮೇಜಿನ ಕೆಳಗೆ 700 ಮಿ.ಮೀ. ಖಾಲಿ ಜಾಗ, ಎರಡು ಗಾಲಿಕುರ್ಚಿ ಎದುರಾಗುವ ದಾರಿಗೆ 1,800 ಮಿ.ಮೀ. ಅಗಲ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಪೆಟ್ಟಿಗೆಯನ್ನು ನೇರ ನೆಲದ ಮೇಲೆ ನಿಲ್ಲಿಸಬೇಡಿ. ದಿನಾ ಒರೆಸುವ ನೀರು ಕುಡಿದು ಒಂದೇ ಮಳೆಗಾಲದಲ್ಲಿ ಬುಡ ಊದಿಕೊಳ್ಳುತ್ತದೆ. ಕೆಳಗೆ 100 ಮಿ.ಮೀ. ಸ್ಟೀಲ್ ಪಟ್ಟಿಯೋ ಗ್ರಾನೈಟೋ ಇರಲಿ. ಹೊಸದಾಗಿ ಬಣ್ಣ ಹೊಡೆದ ಗೋಡೆಗೆ ಎರಡು ಮೂರು ವಾರ ಒಣಗಲು ಬಿಡದೆ ವಿನೈಲ್ ಅಂಟಿಸಿದರೆ ಗುಳ್ಳೆ ಎದ್ದು ಸುಲಿದು ಬರುತ್ತದೆ. ಬ್ಯಾಕ್‌ಲಿಟ್ ಪೆಟ್ಟಿಗೆಗೆ ಮೇಲೆ ಕೆಳಗೆ ಗಾಳಿಗಂಡಿ ಇಡಿ, ಕಾವಿಗೆ ಮೊದಲು ಸಾಯುವುದು ಎಲ್‌ಇಡಿ ಅಲ್ಲ, ಅದಕ್ಕೆ ವಿದ್ಯುತ್ತನ್ನು ಹದಮಾಡಿ ಕೊಡುವ ಡ್ರೈವರ್.

ಫಲಕದ ಕರಡನ್ನು ಸಾದಾ ಹಾಳೆಯಲ್ಲಿ ಪೂರ್ತಿ ಅಳತೆಗೆ ಮುದ್ರಿಸಿ, ಹತ್ತಿರದ ಸರ್ಕಾರಿ ಶಾಲೆಯ ಪಡಸಾಲೆಯಲ್ಲಿ ಒಂದು ವಾರ ತೂಗುಹಾಕಿ. ಏಳನೇ ತರಗತಿಯ ಮಕ್ಕಳು ಎಲ್ಲಿ ನಿಂತರು, ಯಾವ ಸಾಲಿಗೆ ಬಂದು ಓದು ಬಿಟ್ಟರು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ತಗಲುವ ಖರ್ಚು ಹಾಳೆಯದ್ದು ಮಾತ್ರ. ಒಟ್ಟು ವೆಚ್ಚದಲ್ಲಿ ಪ್ರತಿ ವರ್ಷ ಕನಿಷ್ಠ ಶೇ 10ರಷ್ಟನ್ನು ನಿರ್ವಹಣೆಗೆಂದು ಬೇರೆಯಾಗಿ ತೆಗೆದಿಡಿ. ಪ್ರದರ್ಶನ ಒಪ್ಪಿಸಿಕೊಳ್ಳುವ ದಿನ ಗುತ್ತಿಗೆದಾರರಿಂದ ಕೀಲಿಕೈ ಪಡೆಯುವ ಜೊತೆಗೆ ಒಂದು ತಗಡಿನ ಪೆಟ್ಟಿಗೆಯನ್ನೂ ಪಡೆಯಿರಿ: ಅದರಲ್ಲಿ ಬಿಡಿ ಗುಂಡಿಗಳು, ಎರಡು ಡ್ರೈವರ್, ಬೇರಿಂಗು, ತಿರುಪು, ಮೂಲ ಕಡತಗಳ ಪೆನ್ ಡ್ರೈವ್, ಅಕ್ರಿಲಿಕ್ ಒರೆಸುವ ಮೆತ್ತನೆಯ ಹತ್ತಿ ಬಟ್ಟೆ, ಯಾವುದನ್ನು ಹೇಗೆ ಬಿಚ್ಚಬೇಕೆಂದು ಕನ್ನಡದಲ್ಲಿ ಬರೆದ ಎರಡು ಪುಟ. ಆ ಪೆಟ್ಟಿಗೆ ಕೈಗೆ ಬರುವವರೆಗೆ ಕೊನೆಯ ಬಿಲ್ಲಿಗೆ ಸಹಿ ಹಾಕಬೇಡಿ.

ಇತಿ,
ಪ್ರದರ್ಶನ ವಿನ್ಯಾಸ ಮತ್ತು ನಿರ್ಮಾಣ ಕಸುಬಿನವರು, ಬೆಂಗಳೂರು